ಒಂದೂವರೆಯ ಲೆಕ್ಕ

1351ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಟ್ಟಡ ಕೆಲಸದವರ ದಿನಗೂಲಿಗೆ ಕಟ್ಟು ಹಾಕಿತು: ಕಲ್ಲುಕೆಲಸದ ಮುಖ್ಯಸ್ಥನಿಗೆ 4 ಪೆನ್ನಿ, ಉಳಿದ ಕಲ್ಲುಕೆಲಸದವರಿಗೆ 3, ಅವರ ಕೈಯಾಳಿಗೆ ಒಂದೂವರೆ. ಮಹಾಮಾರಿ ಪ್ಲೇಗು ಊರೂರನ್ನೇ ಬರಿದುಮಾಡಿ ಹೋಗಿತ್ತು. ಉಳಿದ ಆಳುಗಳು ಕೇಳಿದಷ್ಟು ಕೊಡುವುದು ಧಣಿಗಳಿಗೆ ನುಂಗಲಾರದ ತುತ್ತಾಗಿತ್ತು. ಆದರೆ ಆ ಕಟ್ಟು ನಿಲ್ಲಲಿಲ್ಲ. ಹದಿನೈದನೆಯ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಕಸುಬುದಾರನಿಗೆ 6 ಪೆನ್ನಿ, ಕೈಯಾಳಿಗೆ 4. ಹಳೆಯ ಜಮಾಖರ್ಚಿನ ಪುಸ್ತಕಗಳನ್ನು ಜಾಲಾಡಿ ಏಳು ಶತಮಾನಗಳ ಕೂಲಿಯನ್ನು 1955ರಲ್ಲಿ ಪಟ್ಟಿಮಾಡಿದ ಫೆಲ್ಪ್ಸ್ ಬ್ರೌನ್ ಮತ್ತು ಶೀಲಾ ಹಾಪ್ಕಿನ್ಸ್ ಅವರಿಗೆ ಕಂಡ ಸೋಜಿಗ ಇದು: ಆಳಿಗೆ ಒಂದಾದರೆ ಕಸುಬಿಗೆ ಒಂದೂವರೆ ಎಂಬ ಲೆಕ್ಕ ಮೊದಲ ಮಹಾಯುದ್ಧದವರೆಗೂ ಹೆಚ್ಚುಕಡಿಮೆ ಅಲುಗಲೇ ಇಲ್ಲ. ನಡುವೆ ದವಸದ ಬೆಲೆ ಹಲವು ಪಟ್ಟು ಏರಿತು, 1666ರಲ್ಲಿ ಸುಟ್ಟ ಲಂಡನ್ ಇಟ್ಟಿಗೆಯಲ್ಲಿ ಮತ್ತೆ ಎದ್ದಿತು. ಕೂಲಿಯೂ ಏರಿತು, ಅಂತರ ಇದ್ದಲ್ಲೇ ಇತ್ತು.

ಕುಶಲತೆಗೆ ಬೆಲೆ ಬೇಡವೇ ಎಂದು ಯಾರಾದರೂ ಕೇಳಿಯಾರು. ಬೇಕು. ತೂಗುಗುಂಡು ಬಿಟ್ಟು ಗೋಡೆ ನೆಟ್ಟಗೆ ಎಬ್ಬಿಸುವುದು ಒಂದು ದಿನದ ಕಲಿಕೆಯಲ್ಲ. ಆದರೆ ಪ್ಲೇಗಿನ ಮುಂಚೆ ಆಳಿನ ಎರಡರಷ್ಟಿದ್ದ ಕಸುಬುದಾರನ ಕೂಲಿ ಒಂದೂವರೆಗೆ ಇಳಿದದ್ದು ಅವನ ಕೈಚಳಕ ಕುಂದಿದ್ದರಿಂದಲ್ಲ, ಆಳು ಸಿಗದೆ ಹೋದದ್ದರಿಂದ. ಹಾಗೆ ಇಳಿದದ್ದು ಜನ ಮತ್ತೆ ತುಂಬಿದ ಮೇಲೂ ಏರಲಿಲ್ಲ. ಸಂತೆಯ ದರ ಹೀಗೆ ಐನೂರು ವರ್ಷ ಒಂದೇ ಕಡೆ ಕೂರುವುದಿಲ್ಲ. ಕೂತರೆ ಅದು ದರವಲ್ಲ, ರೂಢಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಲಂಡನ್ನಿನ ಹದಿನೇಳು-ಹದಿನೆಂಟನೆಯ ಶತಮಾನದ ಲೆಕ್ಕಗಳನ್ನು ಮತ್ತೆ ಬಿಚ್ಚಿದ ಜೂಡಿ ಸ್ಟೀಫನ್‌ಸನ್, ಅಲ್ಲಿ ಬರೆದದ್ದು ಗುತ್ತಿಗೆದಾರನ ಬಿಲ್ಲು, ಕೆಲಸದವನ ಕೈಗೆ ಬಂದದ್ದು ಅದಕ್ಕಿಂತ ನೂರಕ್ಕೆ 20ರಿಂದ 30ರಷ್ಟು ಕಡಿಮೆ ಎನ್ನುತ್ತಾರೆ. ಹಾಗಾದರೆ ಆ ಪಟ್ಟಿಯನ್ನು ಪೂರ್ತಿ ನಂಬುವಂತಿಲ್ಲ, ಒಪ್ಪಬೇಕಾದದ್ದೇ. ಆದರೆ ಇದರಿಂದ ನನ್ನ ವಾದ ಕೆಡುವುದಿಲ್ಲ, ಬಲಿಯುತ್ತದೆ: ಕೂಲಿಯ ಅಂತರ ಕಸುಬಿನಲ್ಲಷ್ಟೇ ಇಲ್ಲ, ಬಟವಾಡೆ ಯಾರ ಕೈಯಿಂದ ಆಗುತ್ತದೆ ಎಂಬುದರಲ್ಲೂ ಇದೆ. ನಮ್ಮಲ್ಲೂ ಹೀಗೇ: 1982ರ ಏಷ್ಯಾಡ್ ಕ್ರೀಡಾಕೂಟಕ್ಕಾಗಿ ದಿಲ್ಲಿಯಲ್ಲಿ ಕ್ರೀಡಾಂಗಣಗಳು ಏಳುವಾಗ ದಿನಕ್ಕೆ ಕೊಡಬೇಕಾದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಆಳು ಒದಗಿಸುವ ಜಮಾದಾರರು ತಲೆಗೊಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಹೆಂಗಸರಿಗೆ ಸಿಗುತ್ತಿದ್ದದ್ದು 7 ರೂಪಾಯಿ. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ಅದೇ ವರ್ಷ ತೀರ್ಪಿತ್ತಿತು. ನಮ್ಮ ಮಾತಿನಲ್ಲಂತೂ ಕಸುಬುದಾರ, ಗುತ್ತಿಗೆದಾರ ಎಂಬ ಈ ಎರಡು ವೇಷಗಳಿಗೆ ಬೇರೆ ಹೆಸರೇ ಇಲ್ಲ. ಪೋರ್ಚುಗೀಸಿನಿಂದ ಬಂದ ‘ಮೇಸ್ತ್ರಿ’ ಗಾರೆಕೆಲಸ ಬಲ್ಲವನೂ ಹೌದು, ಆಳು ತಂದು ಕೂಲಿ ಹಂಚುವವನೂ ಹೌದು.

ಏಷ್ಯಾಡಿಗೆ ಮುಂಚೆಯೇ, 1976ರಲ್ಲಿ, ಒಂದೇ ಬಗೆಯ ಕೆಲಸಕ್ಕೆ ಗಂಡು-ಹೆಣ್ಣಿಗೆ ಸಮಾನ ವೇತನ ಎಂಬ ಕಾಯಿದೆ ಬಂದಿತ್ತು. ಆದರೆ ‘ಒಂದೇ ಬಗೆಯ ಕೆಲಸ’ ಎಂಬಲ್ಲೇ ಅದು ಜಾರಿತು. ಕೆಲಸ ಶುರುವಾಗುವ ಮುಂಚೆಯೇ ಹಂಚಿಕೆ ಆಗಿಹೋಗಿರುತ್ತದೆ: ಗಂಡಸಿನ ಕೈಗೆ ಕರಣೆ, ಹೆಂಗಸಿನ ತಲೆಗೆ ಬಾಂಡ್ಲಿ. ಕೈಯಾಳಾಗಿ ಬಂದ ಹುಡುಗ ನಾಲ್ಕಾರು ವರ್ಷಕ್ಕೆ ಕರಣೆ ಹಿಡಿದು ಮೇಲಿನ ಕೂಲಿ ಎಣಿಸಬಹುದು. ಅವನಿಗೆ ಗಾರೆ ಹೊತ್ತು ಕೊಟ್ಟವಳು, ಹತ್ತು ವರ್ಷ ಎದುರಿಗೇ ನಿಂತು ನೋಡಿ ಕಲಿತಿದ್ದರೂ, ಹಾಜರಿ ಪುಸ್ತಕದಲ್ಲಿ ಹೆಣ್ಣಾಳಾಗಿಯೇ ಉಳಿಯುತ್ತಾಳೆ.