ಸವಣೂರಿನ ದೊಡ್ಡಹುಣಸೆ ಮರ: ಎರ್ಮಾಳಿನಿಂದ ಮಕ್ಕಳ ಜತೆ ಕಾರಲ್ಲಿ ಹೋಗಿಬರುವವರಿಗೆ ಮಾಹಿತಿ

ಎರ್ಮಾಳ್: ಹೆದ್ದಾರಿ ಅಗಲ ಆದಾಗ ರಸ್ತೆ ಬದಿಯ ಹಳೆ ಮರಗಳು ಹೋದವು. ಈಗಿನ ಸಣ್ಣ ಮಕ್ಕಳಿಗೆ ದೊಡ್ಡ ಮರ ಅಂದರೆ ದೇವಸ್ಥಾನದ ಅಶ್ವತ್ಥಕಟ್ಟೆ, ಇಲ್ಲವೇ ನಾಗಬನ, ಅಷ್ಟೇ. ಅದಕ್ಕಿಂತ ದೊಡ್ಡದು ತೋರಿಸಬೇಕು ಅನ್ನುವವರು ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಬಹುದು. ಅಲ್ಲಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಬಾವೊಬಾಬ್ ಜಾತಿಯ ಮೂರು ಮರಗಳು ಹೆಸರುವಾಸಿ. ತಡ ಮಾಡದೆ ಹೋಗಲು ಕಾರಣವೂ ಇದೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಕೊಂಬೆ ಸವರಿ ಅದನ್ನು ಮತ್ತೆ ನಿಲ್ಲಿಸಲಾಯಿತು.

ಹೆಸರಲ್ಲಿ ಹುಣಸೆ ಇದ್ದರೂ ಇದು ನಮ್ಮ ಹುಣಸೆಯ ಜಾತಿ ಅಲ್ಲ. ಕಾಯಿಯ ಒಳಗಿನ ತಿರುಳು ಹುಳಿ, ಅದಕ್ಕೇ ಈ ಹೆಸರು. ಮೂಲ ಆಫ್ರಿಕಾ. ಶ್ರೀಕೃಷ್ಣ ತಂದದ್ದು ಎಂಬ ಕತೆ ಸ್ಥಳೀಯರಲ್ಲಿದೆ; ಹಿಂದೆ ಸಮುದ್ರ ದಾಟಿ ಬಂದ ವ್ಯಾಪಾರಿಗಳ ಜತೆ ಬಂದಿರಬೇಕು ಎಂಬುದು ತಿಳಿದವರ ಅಂದಾಜು. ಕಾಂಡದಲ್ಲಿ ನೀರು ತುಂಬಿಕೊಂಡು ಒಣ ತಿಂಗಳುಗಳನ್ನು ದಾಟುತ್ತದೆ. ಬಿಳಿ ಹೂವು ರಾತ್ರಿ ಅರಳುತ್ತದೆ, ಪರಾಗ ಸಾಗಿಸುವುದು ಬಾವಲಿ.

ಎತ್ತರ ನೋಡಲು ಹೋದರೆ ನಿರಾಶೆ ಆದೀತು. ತೆಂಗಿನ ಮರ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಅದು ದೊಡ್ಡ ವಿಷಯವೇ ಅಲ್ಲ. ಇಲ್ಲಿ ನೋಡಬೇಕಾದ್ದು ಗಾತ್ರ. ಕಾಂಡದ ಸುತ್ತಳತೆ 10 ಮೀಟರ್ ದಾಟುತ್ತದೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಕೈಕೈ ಹಿಡಿದರೂ ಸುತ್ತು ಮುಗಿಯುವುದಿಲ್ಲ. ಅಂಗಡಿಯ ಪೊಟ್ಟಣ ಕಟ್ಟುವ ನೂಲಿನ ಉಂಡೆ ಒಂದು ಕಾರಲ್ಲಿರಲಿ. ಮರದ ಸುತ್ತು ಅಳೆದು ನೂಲು ತುಂಡು ಮಾಡಿ ತಂದರೆ, ಮನೆಯ ತೆಂಗಿಗೆ ಎಷ್ಟು ಸುತ್ತು ಬರುತ್ತದೆ ಅಂತ ಮಕ್ಕಳೇ ಎಣಿಸುತ್ತಾರೆ. ಇದನ್ನು ಗಟ್ಟಿಯಾಗಿರುವ ಎರಡು ಮರಗಳಲ್ಲಿ ಮಾತ್ರ ಮಾಡಿ. ಬಿದ್ದು ಎದ್ದ ಮರದ ಬುಡದ ಮಣ್ಣು ತುಳಿಯುವುದು ಬೇಡ. ಹತ್ತುವುದು, ಹೆಸರು ಕೆತ್ತುವುದು ಯಾವ ಮರಕ್ಕೂ ಬೇಡ. ಇದು ಮಠದ ಜಾಗ, ಒಳಗೆ ಹೋಗುವಾಗ ಅಲ್ಲಿದ್ದವರನ್ನು ಒಂದು ಮಾತು ಕೇಳಿದರೆ ಒಳ್ಳೆಯದು.

ದಾರಿ ಹೇಗೆ?

ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ ದಾಟಿ ಕುಮಟಾ. ಅಲ್ಲಿಂದ ದೇವಿಮನೆ ಘಾಟಿ ಹತ್ತಿ ಶಿರಸಿ, ಮುಂದೆ ಹಾವೇರಿ, ಸವಣೂರು. ಒಂದು ಕಡೆಗೆ ಸುಮಾರು 300 ಕಿ.ಮೀ. ಶನಿವಾರ ಹೊರಟು ಭಾನುವಾರ ರಾತ್ರಿ ಅಂಗಡಿಗೆ ಮರಳುವ ಲೆಕ್ಕ ದೊಡ್ಡವರಿಗೆ ಸರಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮೂರು ದಿನ ಇಟ್ಟುಕೊಳ್ಳಿ. ಎರಡು ರಾತ್ರಿಯೂ ಶಿರಸಿಯಲ್ಲೇ ರೂಮು ಮಾಡಿದರೆ ಚೀಲ ಬಿಚ್ಚಿ ಕಟ್ಟುವ ಕೆಲಸ ಒಂದೇ ಸಲ. ನಡುವಿನ ದಿನ ಬೆಳಗ್ಗೆ ಬೇಗ ಸವಣೂರಿಗೆ ಹೋಗಿ ಸಂಜೆಗೆ ವಾಪಸ್.

ಮೊದಲ ನಿಲುಗಡೆ ಮರವಂತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಎರ್ಮಾಳಿನ ಮಕ್ಕಳಿಗೆ ಸಮುದ್ರ ಹೊಸತಲ್ಲ, ಆದರೂ ಕಾಲು ಬಿಡಿಸಲು ಜಾಗ ಬೇಕಲ್ಲ. ಘಾಟಿ ತಿರುವಿಗೆ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ವಾಂತಿ ಆಗುವ ಮಕ್ಕಳಿದ್ದರೆ ಪ್ಲಾಸ್ಟಿಕ್ ಚೀಲ, ಬದಲಿ ಬಟ್ಟೆ ಕೈಗೆ ಸಿಗುವ ಹಾಗೆ ಇರಲಿ. ಮಳೆಗಾಲದಲ್ಲಿ ಗುಡ್ಡ ಜರಿಯುವುದುಂಟು. ಹೊರಡುವ ಹಿಂದಿನ ದಿನ ಘಾಟಿ ತೆರೆದಿದೆಯೇ ಅಂತ ವಿಚಾರಿಸಿಯೇ ಹೊರಡಿ.

ಯಾವಾಗ ಹೋಗಬೇಕು?

ದಸರಾ ರಜೆಯಲ್ಲಿ ಹಸಿರು ಇರುತ್ತದೆ, ಬಿಸಿಲೂ ಕಡಿಮೆ. ಏಪ್ರಿಲ್ ರಜೆಯಲ್ಲಿ ಮರ ಬೋಳು. ಅದನ್ನು ನೋಡಿ ಮರ ಸತ್ತಿದೆ ಅಂತ ಮಕ್ಕಳು ಅಂದುಕೊಳ್ಳಬಹುದು. ಮಳೆ ಬಂದಾಗ ಚಿಗುರುತ್ತದೆ ಅಂತ ಮೊದಲೇ ಹೇಳಿಡಿ. ಹಾಗೆ ನೋಡಿದರೆ ಬೋಳು ಮರವೇ ಚಂದ, ಬೇರು ಮೇಲೆ ಮಾಡಿ ನೆಟ್ಟ ಹಾಗೆ ಕಾಣುತ್ತದೆ. ಆದರೆ ಬಯಲುಸೀಮೆಯ ಬಿಸಿಲು ಕರಾವಳಿಯ ಸೆಕೆಯ ಹಾಗಲ್ಲ. ಹತ್ತು ಗಂಟೆಯೊಳಗೆ ನೋಡಿ ಮುಗಿಸಿದರೆ ಮಕ್ಕಳು ಬಾಡುವುದಿಲ್ಲ.

ಸವಣೂರಿನ ಖಾರ, ವೀಳ್ಯದೆಲೆ ಎರಡೂ ಪ್ರಸಿದ್ಧ. ದಿನಸಿ ಅಂಗಡಿಯವರಾದರೆ ಇನ್ನೊಂದು ಲಾಭ ಇದೆ: ಬ್ಯಾಡಗಿ ಮೆಣಸಿನ ಮಾರುಕಟ್ಟೆ ಹಾವೇರಿಗೆ ಹತ್ತಿರವೇ. ಆದರೆ ಮೆಣಸಿನ ಘಾಟಿಗೆ ಮಕ್ಕಳು ಕೆಮ್ಮಿ ಸುಸ್ತಾಗುತ್ತಾರೆ. ಅವರನ್ನು ಹೊರಗೇ ಒಬ್ಬರ ಜತೆ ಬಿಟ್ಟು ಒಳಗೆ ಹೋಗಿ.