ದರ್ಜಿಯ ಕತ್ತರಿಯಿಂದ ಇಲಿಯ ಬಿಸಿಲಿನವರೆಗೆ

1844ರ ಕ್ರಿಸ್‌ಮಸ್ ಹತ್ತಿರವಾಗಿತ್ತು. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಖ್ ಹಾಫ್‌ಮನ್ ಮೂರು ವರ್ಷದ ಮಗನಿಗೊಂದು ಚಿತ್ರಪುಸ್ತಕ ತರೋಣವೆಂದು ಅಂಗಡಿಗಳನ್ನು ಸುತ್ತಿದ. ಸಿಕ್ಕಿದ್ದೆಲ್ಲ ಉದ್ದುದ್ದ ಕಥೆ, ಇಲ್ಲವೇ ಒಣ ಉಪದೇಶ. ಬೇಸತ್ತು ಖಾಲಿ ನೋಟ್‌ಬುಕ್ ಕೊಂಡು ಮನೆಗೆ ಬಂದವನು ಪದ್ಯ, ಚಿತ್ರ ಎರಡನ್ನೂ ತಾನೇ ಬರೆದ. ಕೈ ಆಗಲೇ ಪಳಗಿತ್ತು. ವೈದ್ಯನನ್ನು ಕಂಡೊಡನೆ ಚೀರುವ ಮಕ್ಕಳನ್ನು ಸಮಾಧಾನ ಮಾಡಲು ಅವನು ಪೆನ್ಸಿಲ್ ತೆಗೆದು ಏನಾದರೂ ಗೀಚಿ ತೋರಿಸುತ್ತಿದ್ದ.

ಮರುವರ್ಷ ಅಚ್ಚಾದ ಆ ಪುಸ್ತಕ ಮುಂದೆ ‘ಸ್ಟ್ರೂವೆಲ್‌ಪೀಟರ್’, ಅಂದರೆ ತಲೆ ಕೆದರಿದ ಪೀಟರ್, ಎಂದು ಹೆಸರಾಯಿತು. ಅದರಲ್ಲಿ ಕಾನ್ರಾಡ್ ಎಂಬ ಹುಡುಗನಿದ್ದಾನೆ. ಬೆರಳು ಚೀಪಬೇಡವೆಂದು ಹೇಳಿ ಅಮ್ಮ ಹೊರಗೆ ಹೋಗುತ್ತಾಳೆ. ಬೆರಳು ಬಾಯಿಗೆ ಹೋದದ್ದೇ ತಡ, ಬಾಗಿಲು ದೂಡಿಕೊಂಡು ದರ್ಜಿ ಹಾರಿ ಬರುತ್ತಾನೆ, ಕೈಯಲ್ಲಿ ಭಾರೀ ಕತ್ತರಿ. ಕೊನೆಯ ಚಿತ್ರದಲ್ಲಿ ಹುಡುಗನ ಎರಡೂ ಹೆಬ್ಬೆರಳಿಲ್ಲ. ಸೂಪು ಒಲ್ಲೆನೆಂದ ಕಾಸ್ಪರ್ ಐದೇ ದಿನದಲ್ಲಿ ಸೊರಗಿ ಸಾಯುತ್ತಾನೆ.

ನಮ್ಮ ಮನೆಗಳಲ್ಲಿ ಈ ಕೆಲಸ ಗುಮ್ಮನ ಪಾಲಿಗೆ ಬಿದ್ದಿತ್ತು. ಪುರಂದರದಾಸರ ಕೃಷ್ಣನೇ ಅವನಿಗೆ ಹೆದರಿ ಅಮ್ಮನನ್ನು ಗೋಗರೆದವನು. ಆದರೆ ಗುಮ್ಮನಿಗೆ ಮುಖವಿಲ್ಲ. ಹಾಫ್‌ಮನ್ ಮುಖ ಬರೆದುಕೊಟ್ಟ.

ಅದೇ ಪುಸ್ತಕದಲ್ಲಿ ಕಪ್ಪು ಹುಡುಗನೊಬ್ಬನನ್ನು ಮೂವರು ಅಣಕಿಸುವ ಕಥೆಯೂ ಇದೆ. ನಿಕೊಲಾಸ್ ಎಂಬ ಹಿರಿಯ ಅವರನ್ನು ಮಸಿಯ ದೊಡ್ಡ ಕುಡಿಕೆಯಲ್ಲಿ ಅದ್ದಿ ಎತ್ತುತ್ತಾನೆ. ಅಣಕಿಸಬಾರದೆಂಬ ಪಾಠವೇನೋ ಸರಿ. ಕಪ್ಪಾಗುವುದನ್ನೇ ಶಿಕ್ಷೆ ಮಾಡಿದ್ದು ಇಂದು ಓದುವಾಗ ಚುಚ್ಚುತ್ತದೆ. ಇದಾಗಿ ನೂರಕ್ಕೂ ಹೆಚ್ಚು ವರ್ಷದ ಮೇಲೆ, 1962ರಲ್ಲಿ, ಅಮೆರಿಕದ ಎಜ್ರಾ ಜಾಕ್ ಕೀಟ್ಸ್ ‘ದ ಸ್ನೋಯಿ ಡೇ’ ತಂದರು. ಅಲ್ಲಿನ ಪೀಟರನೂ ಕಪ್ಪು ಹುಡುಗ. ಕೆಂಪು ಅಂಗಿ ತೊಟ್ಟು ಹಿಮದಲ್ಲಿ ಹೆಜ್ಜೆ ಮೂಡಿಸುತ್ತಾನೆ, ಹಿಮದುಂಡೆಯೊಂದನ್ನು ಜೇಬಿಗಿಳಿಸಿ ಮನೆಗೆ ತರುತ್ತಾನೆ. ಯಾರೂ ಅವನಿಗೆ ಬುದ್ಧಿ ಹೇಳುವುದಿಲ್ಲ.

ಆ ಹೊತ್ತಿಗೆ ಲಿಯೊ ಲಿಯೊನ್ನಿ ಎಂಬ ಪತ್ರಿಕಾ ವಿನ್ಯಾಸಕಾರರೂ ಈ ದಾರಿಗೆ ಬಂದಿದ್ದರು. ರೈಲಿನಲ್ಲಿ ಗಲಾಟೆ ಮಾಡುತ್ತಿದ್ದ ಇಬ್ಬರು ಮೊಮ್ಮಕ್ಕಳನ್ನು ಕೂರಿಸಲು ಪತ್ರಿಕೆಯ ಹಾಳೆ ಹರಿದು, ನೀಲಿ ಚೂರು, ಹಳದಿ ಚೂರು ಇಟ್ಟು ಕಥೆ ಕಟ್ಟಿದರು. ಗೆಳೆಯರಿಬ್ಬರೂ ಅಪ್ಪಿಕೊಂಡು ಹಸಿರಾಗುತ್ತಾರೆ. ಹೆತ್ತವರಿಗೇ ಗುರುತು ಸಿಗುವುದಿಲ್ಲ. 1959ರಲ್ಲಿ ಅದು ಪುಸ್ತಕವಾಯಿತು. 1967ರಲ್ಲಿ ಬಂದದ್ದು ‘ಫ್ರೆಡರಿಕ್’: ಉಳಿದ ಇಲಿಗಳು ಚಳಿಗಾಲಕ್ಕೆ ಕಾಳು ಕೂಡಿಡುವಾಗ ಇವನು ಸುಮ್ಮನೆ ಕೂತು ಬಿಸಿಲನ್ನೂ ಬಣ್ಣಗಳನ್ನೂ ಮಾತುಗಳನ್ನೂ ಕೂಡಿಡುತ್ತೇನೆ ಎನ್ನುತ್ತಾನೆ.

ಹಾಗೆಂದು ಎಲ್ಲವೂ ನೆಟ್ಟಗಾಗಲಿಲ್ಲ. 1992ರ ಮಾರ್ಕಸ್ ಫಿಸ್ಟರ್ ಅವರ ‘ರೇನ್‌ಬೋ ಫಿಶ್’ ಹಂಚಿಕೊಳ್ಳುವ ಪಾಠಕ್ಕೆಂದು ಶಾಲೆಗಳಲ್ಲಿ ಬಲು ಜನಪ್ರಿಯ. ಮಿರಮಿರ ಮಿಂಚುವ ಪೊರೆಗಳನ್ನು ಒಂದೊಂದಾಗಿ ಕಿತ್ತುಕೊಟ್ಟ ಮೇಲೆ ಮೀನಿಗೆ ಗೆಳೆಯರು ಸಿಗುತ್ತಾರೆ. ಮೈ ಬಿಚ್ಚಿಕೊಟ್ಟು ಸ್ನೇಹ ಕೊಳ್ಳುವುದೇ ಎಂದು ಆಕ್ಷೇಪಿಸಿದವರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ.

ಷಿಕಾಗೊದ ಶಿಶುವಿಹಾರದ ಟೀಚರ್ ವಿವಿಯನ್ ಪೇಲಿ ಹಿಡಿದ ದಾರಿ ಬೇರೆ. ‘ನಿನ್ನನ್ನು ಆಟಕ್ಕೆ ಸೇರಿಸಲ್ಲ’ ಎನ್ನುವಂತಿಲ್ಲ ಎಂಬ ನಿಯಮ ತರಲು ಹೊರಟಾಗ, ಅವರು ಐದನೇ ತರಗತಿಯವರೆಗಿನ ಮಕ್ಕಳ ಬಳಿ ಹೋಗಿ ಇದು ನ್ಯಾಯವೇ, ನಡೆದೀತೇ ಎಂದು ಕೇಳಿದರು. ಜೊತೆಗೆ ಮ್ಯಾಗ್‌ಪೈ ಹಕ್ಕಿಯ ಕಥೆಯೊಂದನ್ನು ತಾವೇ ಕಟ್ಟಿ ಹೇಳುತ್ತಾ ಹೋದರು. ನಿವೃತ್ತಿಗೆ ಮುನ್ನಿನ ಕೊನೆಯ ವರ್ಷ ಅವರ ತರಗತಿಯ ರೀನಿ ಎಂಬ ಕಪ್ಪು ಹುಡುಗಿಗೆ ಫ್ರೆಡರಿಕ್ ಮೇಲೆ ಮನಸ್ಸು ನೆಟ್ಟಿತು. ಅವನಲ್ಲಿ ಅವಳು ತನ್ನನ್ನೇ ಕಂಡಳು. ಅವನು ಮಾಡಿದ್ದು ಕೆಲಸವೋ ಸೋಮಾರಿತನವೋ? ಅಲ್ಲಿಂದ ಹೊರಟ ತರಗತಿ ಆ ವರ್ಷವಿಡೀ ಲಿಯೊನ್ನಿಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಚಿತ್ರ ಬರೆದು, ಅಭಿನಯಿಸಿ, ವಾದ ಮಾಡುತ್ತಲೇ ಇತ್ತು.