ಸೀಸ ಹೋಯಿತು, ಪ್ಲಾಟಿನಂ ಬಂತು

ಪ್ಲಾಟಿನಂ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಜವೇರಿ ಬಜಾರಿನ ಗಾಜಿನ ಪೆಟ್ಟಿಗೆಯೊಳಗಿನ ಬಿಳಿ ಉಂಗುರ. ಅದೇ ಲೋಹ ನೀವು ದಿನಾ ಏರುವ ಟ್ಯಾಕ್ಸಿಯ ಕೆಳಗೂ ಇದೆ, ಹೊಗೆಕೊಳವೆಯೊಳಗೆ. ಅದು ಅಲ್ಲಿಗೆ ಬಂದ ಚರಿತ್ರೆ ನಮ್ಮ ಮಕ್ಕಳಿಗೂ ಸಂಬಂಧಪಟ್ಟದ್ದು.

ಇಂಜಿನ್ ಟಕಟಕ ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಪದ್ಧತಿ 1920ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಹೊಗೆಯೊಡನೆ ಹೊರಬಿದ್ದ ಸೀಸ ಉಸಿರಿಗೆ, ಧೂಳಿಗೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಬೆಳೆಯುವ ಮೆದುಳನ್ನು ಕುಂದಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಮುಂಬಯಿ ಸೇರಿದಂತೆ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಆಗಿನ ಅಪಾಯದ ಗೆರೆ ದಾಟಿತ್ತು. ಮಗ್ಗಿ ಮರೆತ ಎಷ್ಟು ಹುಡುಗರಿಗೆ ನಾವು ಸುಮ್ಮನೆ ದಡ್ಡರೆಂದು ಬೈದೆವೋ!

ಇನ್ನು ಪ್ಲಾಟಿನಂ. ಪರಮಾಣು ಸಂಖ್ಯೆ 78. ನೀರಿಗಿಂತ 21 ಪಟ್ಟು ಭಾರ. ಕರಗಬೇಕಾದರೆ 1768 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತುಕ್ಕು ಹಿಡಿಯದು, ಸಾಧಾರಣ ಆಮ್ಲಕ್ಕೆ ಜಗ್ಗದು. ಇಷ್ಟು ಬಿಗುಮಾನದ ಲೋಹಕ್ಕೆ ಒಂದು ವಿಚಿತ್ರ ಗುಣವಿದೆ. 1823ರಲ್ಲಿ ಜರ್ಮನಿಯ ಡೋಬರೈನರ್ ಎಂಬಾತ ಪ್ಲಾಟಿನಂ ಮೇಲೆ ಜಲಜನಕ ಹಾಯಿಸಿದಾಗ, ಬೆಂಕಿಕಡ್ಡಿಯ ಹಂಗಿಲ್ಲದೆ ಅದು ಹೊತ್ತಿಕೊಂಡಿತು. ಲೋಹ ಮಾತ್ರ ಇದ್ದ ಹಾಗೇ ಇತ್ತು. ಇಂಥದ್ದನ್ನು ಕ್ರಿಯಾವರ್ಧಕ ಎನ್ನುತ್ತಾರೆ. ನಮ್ಮ ಮದುವೆ ದಲ್ಲಾಳಿಯ ಹಾಗೆ: ಎರಡು ಮನೆಯವರನ್ನು ಕೂಡಿಸುತ್ತಾನೆ, ಹೋಳಿಗೆ ಉಂಡು ಮುಂದಿನ ಮನೆಗೆ ಹೋಗುತ್ತಾನೆ.

ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಮಾಡುವುದೂ ಇದನ್ನೇ. ಜೇನುಗೂಡಿನಂಥ ಪಿಂಗಾಣಿಯ ತೂತುಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿರುತ್ತಾರೆ, ಎಲ್ಲ ಸೇರಿ ಕೆಲವೇ ಗ್ರಾಂ. ವಿಷದ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಇಂಧನ ಉರಿದುಹೋಗುತ್ತದೆ. ಆದರೆ ಸೀಸ ಬಂದು ಕೂತರೆ ಲೇಪದ ಕಥೆ ಮುಗಿಯಿತು. ಇವೆರಡೂ ಒಂದೇ ಗಾಡಿಯಲ್ಲಿ ಬಾಳಲಾರವು.

ಹಾಗಾಗಿ 1995ರ ಏಪ್ರಿಲ್ 1ರಂದು ಮುಂಬಯಿ, ದೆಹಲಿ, ಕಲ್ಕತ್ತೆ, ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೇ ಸೀಸರಹಿತ ಪೆಟ್ರೋಲ್ ಬಂತು. ಹೊಸ ಕಾರಿನಲ್ಲಿ ಉಡುಪಿಗೋ ಹುಬ್ಬಳ್ಳಿಗೋ ಹೊರಟವರಿಗೆ ದಾರಿಯಲ್ಲಿ ಆ ಪೆಟ್ರೋಲ್ ಸಿಗುವ ಭರವಸೆ ಇರಲಿಲ್ಲ. ದೇಶಾದ್ಯಂತ ಸೀಸಕ್ಕೆ ವಿದಾಯ ಹೇಳಿದ್ದು 2000ದ ಫೆಬ್ರವರಿ 1ರಂದು. ಅಮೆರಿಕದಲ್ಲೂ 1970ರ ದಶಕದಲ್ಲಿ ಸೀಸರಹಿತ ಪೆಟ್ರೋಲ್ ಬಂಕಿಗೆ ಬರಲು ಒಂದು ದೊಡ್ಡ ಕಾರಣ ಈ ಕನ್ವರ್ಟರ್ ಕೆಡಬಾರದೆಂಬುದೇ. ಮಗುವಿನ ಮೆದುಳಿಗಿಂತ ಯಂತ್ರದ ಚಿಂತೆ ಬೇಗ ಕೆಲಸ ಮಾಡಿತೆಂದು ನನಗನ್ನಿಸುತ್ತದೆ. ಹೇಗಾದರೂ ಆಗಲಿ, ಆಯಿತಲ್ಲ! ಸೀಸವಿಲ್ಲದೆ ಪೆಟ್ರೋಲಿನ ಆಕ್ಟೇನ್ ಏರಿಸಲು ತೈಲಾಗಾರಗಳು ನೆಚ್ಚಿಕೊಂಡ ಕ್ರಿಯಾವರ್ಧಕದಲ್ಲೂ ಇರುವುದು ಪ್ಲಾಟಿನಮ್ಮೇ.

ನಮ್ಮ ದೇಶಕ್ಕೆ ಬೇಕಾದ ಪ್ಲಾಟಿನಂ ಬಹುಪಾಲು ಹೊರಗಿನಿಂದಲೇ ಬರುತ್ತದೆ. ದಾವಣಗೆರೆ ಜಿಲ್ಲೆ ಚನ್ನಗಿರಿ ಸೀಮೆಯ ಹನುಮಲಾಪುರದ ಬಂಡೆಗಳಲ್ಲಿ ಈ ಗುಂಪಿನ ಲೋಹಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಕಳ್ಳರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. 2021ರ ಸುಮಾರಿಗೆ ಮಹಾರಾಷ್ಟ್ರ, ಗುಜರಾತುಗಳಲ್ಲಿ ನಿಲ್ಲಿಸಿದ ವ್ಯಾನುಗಳ ಸೈಲೆನ್ಸರುಗಳೇ ಮಾಯವಾದವು, ಒಳಗಿನ ಪುಡಿಗಾಗಿ. ನಿಮ್ಮ ಗಾಡಿಯೂ ಒಂದು ಬೆಳಿಗ್ಗೆ ಚಾಲೂ ಮಾಡಿದೊಡನೆ ಟ್ರ್ಯಾಕ್ಟರಿನಂತೆ ಗರ್ಜಿಸಿದರೆ, ಕೆಳಗೆ ಬಗ್ಗಿ ನೋಡಿ.